ಮಾವನೂ ನಾನೂ ಬ್ರೇಕ್ ಬದಲಿಸಿದ ದಿನ

ನನ್ನ ಗಂಡ ತೀರಿಕೊಂಡ ಮೇಲೆ ಅವರ ಕಾರು ಒಂದು ವರ್ಷಕ್ಕೂ ಹೆಚ್ಚು ಕಾಲ ಬೈರಾಪಟ್ಟಣದ ನಮ್ಮ ಮನೆಯಂಗಳದಲ್ಲಿ, ಕೊಟ್ಟಿಗೆಗೆ ಒತ್ತಿ ಇಳಿಬಿಟ್ಟ ತಗಡಿನ ಕೆಳಗೆ ನಿಂತೇ ಇತ್ತು. ಮಾರೋಣ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಓಡಿಸೋಣ ಎಂದೂ ಹೇಳಲಿಲ್ಲ. ಮೊದಮೊದಲು ಅತ್ತೆ ಅದರ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದರು. ಆಮೇಲೆ ಅದೂ ನಿಂತಿತು.

ನನ್ನ ಗಂಡ ಸತ್ತದ್ದು ಕಾರಿನಿಂದಲ್ಲ. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದು, ಜಗಲಿಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು.

ಹೈಸ್ಕೂಲು ಟೀಚರಾದ ನನಗೆ ಈ ಬೇಸಿಗೆ ಕಳೆದ ಮೇಲೆ ಕನಕಪುರದ ಕಡೆಯ ಒಂದು ಊರಿಗೆ ವರ್ಗವಾಯಿತು. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಡ್ರೈವಿಂಗನ್ನು ಅವರೇ ಕಲಿಸಿದ್ದರು, ಲೈಸೆನ್ಸೂ ಇತ್ತು. ಹೊಸ ಬ್ಯಾಟರಿ ಹಾಕಿಸಿ, ಟೈರಿಗೆ ಗಾಳಿ ತುಂಬಿಸಿ, ಕಾರನ್ನು ಅಂಗಳದಲ್ಲೇ ಒಂದು ಸುತ್ತು ಹಾಕಿಸಿದೆ. ಬ್ರೇಕ್ ಒತ್ತಿದ್ದೇ ತಡ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕಿರ್ರೆಂದು ಕೂಗಿತು. ಗುಬ್ಬಚ್ಚಿಗಳೆಲ್ಲ ಹಾರಿದವು.

ಜಗಲಿಯಿಂದ ಮಾವ ಕೋಲೂರಿಕೊಂಡು ಎದ್ದು ಬಂದರು. ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದವರು. ಲಕ್ವ ಹೊಡೆದು ಬಲಗೈ ಸ್ವಾಧೀನದಲ್ಲಿರಲಿಲ್ಲ. ಮಗ ಹೋದಮೇಲೆ ಅವರು ನನ್ನ ಜೊತೆ ಹೆಚ್ಚು ಮಾತಾಡಿದವರಲ್ಲ. ನಾನು ಎದುರು ಬಂದರೆ ಕಣ್ಣು ಬೇರೆ ಕಡೆ ತಿರುಗುತ್ತಿತ್ತು. ದುಃಖ ಇರಬೇಕು ಎಂದು ನಾನೂ ಸುಮ್ಮನಿದ್ದೆ.

"ಇದನ್ನ ರೋಡಿಗೆ ಹತ್ತುಸ್ಬ್ಯಾಡ ಕಣವ್ವ. ಪ್ಯಾಡು ಸವೆದೋಗೈತೆ, ಡಿಸ್ಕೂ ಹೋಗಿರ್ತದೆ. ಸಾಮಾನು ತರ್ಸು, ಇಲ್ಲೇ ಹಾಕುವ," ಎಂದರು.

"ಯಾರು ಹಾಕ್ತಾರೆ ಮಾವ?"

"ನೀನೇ. ನಾನು ಪಕ್ದಲ್ಲಿ ಕೂತ್ಕಂಡು ಹೇಳ್ತೀನಿ."

ಚನ್ನಪಟ್ಟಣದ ಹೈವೇ ಬದಿಯ ಅಂಗಡಿಯಿಂದ ಪ್ಯಾಡು, ಡಿಸ್ಕು ತಂದೆ. ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಅವರು ಕುರ್ಚಿ ಹಾಕಿಸಿಕೊಂಡು ಕೂತರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡು ಎಂದರು, ಕೊಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿಕೋ ಎಂದರು. ಕೈಯಿಂದ ಆಗಲಿಲ್ಲ. ಸೀರೆ ಎತ್ತಿ ಕಟ್ಟಿ, ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದೆ. ಜಾಕ್ ಏರಿಸಿ, ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿದೆ. ಜಾಕ್ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ ಎಂದರು.

ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅಮುಕಿ ಹಿಡಿಯುವ ಕ್ಯಾಲಿಪರನ್ನು ಬಿಚ್ಚಿ, ಅದರ ಪೈಪಿಗೆ ಭಾರ ಬೀಳದಂತೆ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ. ಹಳೆಯ ಪ್ಯಾಡು ಕೈಗೆ ಬಂತು. ಅದರ ಮೇಲೆ ಏನೂ ಉಳಿದಿರಲಿಲ್ಲ, ಬರೀ ತಗಡು. ಅದನ್ನು ಮಾವನ ಎಡಗೈಗೆ ಕೊಟ್ಟೆ. ಅವರು ಬೆರಳಾಡಿಸಿ ನೋಡಿದರು.

"ಅವ್ನಿದ್ದಾಗ್ಲೇ ಕೂಗ್ತಿತ್ತು ಇದು," ಎಂದರು. "ಸರಿ ಮಾಡ್ಸು ಕಣ್ಲಾ ಅಂದ್ರೆ ಬರೋ ವಾರ ಅಂತಿದ್ದ."

ನಾನು ಡಿಸ್ಕಿಗೆ ಕೈ ಹಾಕಿದ್ದೆ. ತುಕ್ಕಿಗೆ ಕಚ್ಚಿಕೊಂಡು ಅಲುಗುತ್ತಲೇ ಇರಲಿಲ್ಲ.

"ಅವ್ವ, ಒಂದ್ ಮಾತು ಹೇಳ್ಬೇಕಿತ್ತು," ಎಂದರು ಮಾವ. ಅವರ ದನಿ ಕೇಳಿ ತಲೆಯೆತ್ತಿದೆ. "ಹೋಗೋ ಹಿಂದಿನ್ ದಿನ ನಮ್ಮುಡ್ಗ ನನ್ನತ್ರ ಬಂದಿದ್ದ. ಎದೆ ಹಿಡ್ಕಂಡಂಗಾಯ್ತದೆ ಕಣಪ್ಪ, ತೋಳೂ ನೋಯ್ತದೆ ಅಂದ. ಅವಳ್ಗೆ ಹೇಳ್ಬ್ಯಾಡ, ಗಾಬರಿ ಬೀಳ್ತಾಳೆ, ಗೂಡು ಹಾಕ್ಬುಟ್ಟು ಬಂದು ತೋರುಸ್ಕತ್ತೀನಿ ಅಂದ. ನಾನು ಗ್ಯಾಸಿರ್ಬೇಕು ಅಂದ್ಬುಟ್ಟೆ. ಸುಮ್ಕಾಗ್ಬುಟ್ಟೆ ಕಣವ್ವ."

ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಡಿಸ್ಕಿನ ಮೇಲೆ ಹೊಡೆದೆ. ಮತ್ತೆ ಹೊಡೆದೆ. ಹಳೆಯದು ಹಾಳಾದರೆ ಆಗಲಿ ಎನ್ನಿಸಿತ್ತು. ತುಕ್ಕಿನ ಪುಡಿ ಮುಖಕ್ಕೆ ಹಾರಿತು. ಕೊನೆಗೆ ಡಿಸ್ಕು ಠಣ್ಣೆಂದು ಕಳಚಿ ಕಲ್ಲಿನ ಮೇಲೆ ಬಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾವ?"

"ಹೆಂಗ್ ಹೇಳ್ಲಿ? ದಿನಾ ನಿನ್ ಮೊಕ ನೋಡ್ಬೇಕಲ್ಲ."

ಪರವಾಗಿಲ್ಲ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಬರಿಸಿಕೊಳ್ಳಲು ನೋಡಲೂ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೆ ಕಾರು ಅರ್ಧ ಬಿಚ್ಚಿಕೊಂಡು ಜಾಕಿನ ಮೇಲೆ ನಿಂತಿತ್ತು. ಅದನ್ನು ಹಾಗೆ ಬಿಟ್ಟು ಹೋಗುವಂತಿರಲಿಲ್ಲ. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದೆ. ಹೊಸ ಡಿಸ್ಕಿನ ಎಣ್ಣೆಯನ್ನು ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದೆ. ಮಾವ ಹೇಳುವುದನ್ನು ಬಿಡಲಿಲ್ಲ, ನಾನು ಮಾಡುವುದನ್ನು ಬಿಡಲಿಲ್ಲ. "ಎಡಕ್ಕೆ." "ಒಸಿ ಬಿಗಿ." "ಸಾಕು." ಇನ್ನೊಂದು ಕಡೆಯ ಚಕ್ರ ಮುಗಿಯುವವರೆಗೂ ನಮ್ಮಿಬ್ಬರ ನಡುವೆ ಅಷ್ಟೇ ಮಾತು.

ಸೀಟಿನಲ್ಲಿ ಕೂತು ಪೆಡಲ್ ಒತ್ತಿದರೆ ಕಾಲು ನೆಲಕ್ಕೇ ಹೋಯಿತು. ಬಾಗಿಲಿನಿಂದ ತಲೆ ಹೊರಹಾಕಿ ಮಾವನನ್ನು ನೋಡಿದೆ.

"ಹೊಸದು ಹಾಕ್ದಾಗ ಅಂಗೇ ಕಣವ್ವ. ಒತ್ತುತಾ ಇರು, ಮ್ಯಾಕ್ ಬತ್ತದೆ," ಎಂದರು ಮಾವ.

ಒತ್ತುತ್ತ ಹೋದಂತೆ ಪೆಡಲ್ ಗಟ್ಟಿಯಾಯಿತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಖಾಲಿ ರಸ್ತೆಗೆ ಹೋದೆ. ಎರಡೂ ಕಡೆ ಹಿಪ್ಪುನೇರಳೆ ತೋಟ. ಒಸಿ ಜೋರಾಗಿ ಬಿಡು, ಈಗ ಮೆತ್ತಗೆ ಹಿಡಿ, ಮತ್ತೆ ಬಿಡು ಎನ್ನುತ್ತ ಹೊಸ ಪ್ಯಾಡು ಹೊಂದಿಕೊಳ್ಳುವವರೆಗೂ ನನ್ನಿಂದ ಓಡಿಸಿದರು. ಬ್ರೇಕು ಸದ್ದಿಲ್ಲದೆ ಹಿಡಿಯಿತು. ರಸ್ತೆ ಬದಿಗೆ ನಿಲ್ಲಿಸಿ ಕೇಳಿದೆ:

"ಅತ್ತೆಗೆ ಗೊತ್ತಾ?"

ಇಲ್ಲವೆಂದು ತಲೆಯಾಡಿಸಿದರು.

"ನೀವೇ ಹೇಳ್ಬೇಕು ಮಾವ. ನಾನು ಹೇಳಲ್ಲ."

ಅವತ್ತು ಸಂಜೆ, ಅತ್ತೆ ಮುದ್ದೆ ಕಟ್ಟುತ್ತಿದ್ದಾಗ, ಮಾವ ಅಡುಗೆಮನೆಯ ಹೊಸಿಲ ಮೇಲೆ ಕೂತು ಹೇಳಿದರು. ಅತ್ತೆಯ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡಿದ್ದೆ. "ಚಿಕ್ಕುಡ್ಗ ಆಗಿದ್ದಾಗ್ಲೂ ಅಂಗೇ. ಜ್ವರ ಬಂದ್ರೂ ಹೇಳ್ತಿರ್ಲಿಲ್ಲ," ಎಂದವರು, ಕೈತುಂಬ ಹಿಟ್ಟಿದ್ದಂತೆಯೇ ಗೋಡೆಗೆ ತಲೆಯಿಟ್ಟು ಅತ್ತರು. ಅವರು ನಮ್ಮೆದುರು ಅತ್ತದ್ದನ್ನು ನಾನು ಆವರೆಗೂ ನೋಡಿರಲಿಲ್ಲ. ಮಾವನೂ ಅತ್ತರು. ಉಳಿದ ಮುದ್ದೆ ನಾನು ಕಟ್ಟಿದೆ.

ಕನಕಪುರದ ದಾರಿ ಈಗ ಅಭ್ಯಾಸವಾಗಿದೆ. ಮಾವನ ಮೇಲಿನ ಸಿಟ್ಟು ಒಂದೇ ಸಲಕ್ಕೆ ಹೋಗಲಿಲ್ಲ. ಕೆಲವು ವಾರ ಅವರ ಮುಂದೆ ಕಾಫಿ ಲೋಟ ಇಟ್ಟಿದ್ದೇ ತಿರುಗಿ ಬರುತ್ತಿದ್ದೆ. ಯಾವಾಗ ಕಡಿಮೆಯಾಯಿತೋ ಗೊತ್ತಾಗಲಿಲ್ಲ.

ಮೊನ್ನೆ ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅವರೇ ಕರೆದರು. "ಎದೇಲಿ ಯಾಕೋ ಹಿಂಡಿದಂಗಾಯ್ತದೆ ಕಣವ್ವ. ತೋರುಸ್ಬುಡಣ?"

ಕೂಡಲೇ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ. ಇಸಿಜಿ ತೆಗೆದರು. ಹೆದರುವಂಥದ್ದೇನೂ ಇಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಮಾವ ಅಂಗಿಯ ಗುಂಡಿ ಹಾಕಿಕೊಳ್ಳಲು ಎಡಗೈಯಲ್ಲಿ ಒದ್ದಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹಾಕಿಕೊಟ್ಟೆ.