ಕಾಕಾ ನನ್ನ ಬಾಯಿ ನೋಡುತ್ತಿದ್ದರು

ಮಾತಾಡುವಾಗ ಅವರು ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಬಿಳಿ ಹುಬ್ಬು ಗಂಟಿಕ್ಕಿ, ತಲೆಯನ್ನು ತುಸು ಮುಂದೆ ಚಾಚಿ, ತುಟಿಯ ಮೇಲೆ ನೆಟ್ಟ ನೋಟ ಕೀಳುತ್ತಿರಲಿಲ್ಲ. ಮೊದಮೊದಲು ನಾನು ಹಲ್ಲಿಗೆ ಮೆಂತ್ಯೆಸೊಪ್ಪು ಅಂಟಿದೆಯೇನೋ ಎಂದು ನಾಲಿಗೆ ಆಡಿಸಿಕೊಳ್ಳುತ್ತಿದ್ದೆ. ಆಮೇಲೆ, ಈ ಮುದುಕನಿಗೆ ಮರ್ಯಾದೆ ಗೊತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಅಷ್ಟು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ನಾನು ಹೊಟ್ಟೆ ಹೊರೆಯುವುದೇ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸಿ. ನನ್ನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ತಾರ್ನಾಕದಲ್ಲಿ ಅವರದು ನಮ್ಮ ಮೇಲಿನ ಮನೆ. ಬೀದರ ಕಡೆಯವರು, ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕು. ಕಟ್ಟಡದಲ್ಲಿ ಯಾರ ಮಿಕ್ಸರ್ ಕೆಟ್ಟರೂ, ಯಾರ ಫ್ಯಾನ್ ನಿಂತರೂ ಬೈಯುತ್ತ ಬಂದು ಬೈಯುತ್ತಲೇ ಸರಿಮಾಡಿ ಹೋಗುತ್ತಿದ್ದರು. ಫೋನ್ ಮಾತ್ರ ಎತ್ತುತ್ತಿರಲಿಲ್ಲ. "ಮಾತಿದ್ರ ಮೆಟ್ಟಲಾ ಹತ್ತಿ ಬರ್ರಿ" ಎಂದು ಎಲ್ಲರಿಗೂ ಹೇಳಿಟ್ಟಿದ್ದರು. ನಾವೆಲ್ಲ ಅದನ್ನು ಜಂಬ ಎಂದುಕೊಂಡಿದ್ದೆವು.

ನಾನು ಕೆಲಸ ಮಾಡುವುದು ಬೇಗಂಪೇಟೆಯ ಒಂದು ಕ್ಲಿನಿಕ್ಕಿಗೆ. ದೂರದ ಮಕ್ಕಳಿಗೆ ಮನೆಯಿಂದಲೇ ವಿಡಿಯೋ ಕಾಲಿನಲ್ಲಿ ಪಾಠ. ಶಂಶಾಬಾದಿನ ಕಟ್ಟಡದ ಕೆಲಸದವರ ಶೆಡ್ಡಿನಿಂದ ಆರು ವರ್ಷದ ಒಂದು ಹುಡುಗಿ ಬರುತ್ತಿದ್ದಳು. ಯಾದಗಿರಿ ಕಡೆಯ ತಾಯಿ, ತಲೆಯ ಮೇಲೆ ಬುಟ್ಟಿ ಹೊರುವವಳು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಹಿಡಿದು ಮಗಳನ್ನು ಕೂರಿಸುತ್ತಿದ್ದಳು. ಹುಡುಗಿಯ ಕಿವಿಗೆ ಮಷೀನು ಇದ್ದರೂ ಅರ್ಧ ಮಾತು ಅವಳಿಗೆ ತಿಳಿಯುತ್ತಿದ್ದದ್ದು ನನ್ನ ತುಟಿ ನೋಡಿ. ಕ್ಲಿನಿಕ್ಕಿನಲ್ಲಿ ಅವಳದು ಪುಕ್ಕಟೆ ಸೀಟು. ತಿಂಗಳ ಕೊನೆಗೆ ಪರೀಕ್ಷೆ, ಅದರಲ್ಲಿ ಮುಂದುವರಿದದ್ದು ಕಾಣಿಸದಿದ್ದರೆ ಸೀಟು ಬೇರೆ ಮಗುವಿಗೆ.

ಸರಿಯಾಗಿ ಆ ತಿಂಗಳೇ ನನ್ನ ಲ್ಯಾಪ್‌ಟಾಪಿನ ಕ್ಯಾಮೆರಾ ಮಿಣಮಿಣ ಎನ್ನಲು ಶುರುಮಾಡಿತು. ಪಾಠಕ್ಕೆಂದು ಬ್ರೌಸರಿನಲ್ಲಿ ಕಾಲ್ ತೆರೆದರೆ ಸಾಕು, ನನ್ನ ಮುಖದ ಮೇಲೆ ಕಪ್ಪು ಪಟ್ಟೆಗಳು ಏರಿ ಇಳಿಯುತ್ತಿದ್ದವು. ಹುಡುಗಿ ಕಣ್ಣು ಕಿವುಚಿ ಮುಖ ತಿರುಗಿಸುತ್ತಿದ್ದಳು. ನನ್ನ ಹಳೆಯ ಫೋನಿನ ಮಸುಕು ಕ್ಯಾಮೆರಾದಲ್ಲಂತೂ ತುಟಿಯೇ ಕಾಣುತ್ತಿರಲಿಲ್ಲ. ರಿಪೇರಿ ಅಂಗಡಿಗೆ ಎರಡು ಸಲ ಒಯ್ದೆ. ಬಾಗಿಲ ಬೆಳಕಿನಲ್ಲಿ ತೆರೆದು ನೋಡಿ, ಏನೂ ಆಗಿಲ್ಲ ಮೇಡಂ ಎಂದರು. ಮೂರನೆಯ ಸಲ ಹೋದಾಗ ಕ್ಯಾಮೆರಾನೇ ಬದಲಿಸಬೇಕು, ಹದಿನೈದು ದಿನ ಬಿಟ್ಟುಹೋಗಿ ಎಂದರು. ಕ್ಲಿನಿಕ್ಕಿನ ಯಜಮಾನರಿಗೆ ಬೇರೆ ಲ್ಯಾಪ್‌ಟಾಪ್ ಕೇಳಿದೆ. "ಆವಾಜ್ ಆ ರಹೀ ಹೈ ನಾ? ಬಸ್" ಎಂದರು. ದನಿ ಕೇಳಿಸಿದರೆ ಸಾಕಂತೆ. ಕಿವುಡು ಮಕ್ಕಳ ಕ್ಲಿನಿಕ್ ನಡೆಸುವ ಮನುಷ್ಯ ಆಡುವ ಮಾತೇ ಇದು? ಫೋನ್ ಗೋಡೆಗೆ ಎಸೆಯಬೇಕೆನಿಸಿತು.

ಸಿಟ್ಟಿನಲ್ಲೇ ಮೆಟ್ಟಿಲು ಹತ್ತಿ ಹೋಗಿ ಕಾಕಾಗೆ ಹೇಳಿದೆ. ಲ್ಯಾಪ್‌ಟಾಪ್ ಕೈಯಲ್ಲಿತ್ತು. ಅವರು ಅದನ್ನು ಮುಟ್ಟಲೂ ಇಲ್ಲ.

"ಇಲ್ಲಿ ಯಾಕ ತಂದೀಯವಾ? ಕೆಟ್ಟ ಜಾಗದಾಗ, ಕೆಟ್ಟ ಹೊತ್ತಿನಾಗ ನೋಡಬೇಕು. ಪಾಠ ಎಷ್ಟು ಗಂಟೇಕ್ಕ?"

ಮರುದಿನ ಪಾಠಕ್ಕೆ ಕಾಲು ಗಂಟೆ ಮೊದಲೇ ಬಂದು ಕುಳಿತರು. ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಯಾವುದು ನಡೆಯುತ್ತಿದೆ, ಯಾವುದು ನಡೆಯುತ್ತಿಲ್ಲ, ಬರೆದು ಸಹಿ ಹಾಕಬೇಕಂತೆ. ಸಿಗ್ನಲ್ ಬಿಚ್ಚುವ ಮೊದಲು ಸ್ಟೇಷನ್ ಮಾಸ್ಟರಿಗೆ ಹೀಗೆ ಮೆಮೊ ಕೊಡದೆ ಅವರು ಒಂದು ಸ್ಕ್ರೂ ಕೂಡ ತಿರುಗಿಸಿದವರಲ್ಲ.

"ಇದೇನು ರೈಲು ಅಂತ ತಿಳಕೊಂಡೀರೇನ್ರಿ ಕಾಕಾ?" ಎಂದು ರೇಗಿದೆ.

"ಮೊದಲ ಕೆಟ್ಟದ್ದು ಯಾವುದು, ನಾ ಕೈ ಹಚ್ಚಿದ ಮ್ಯಾಲೆ ಕೆಟ್ಟದ್ದು ಯಾವುದು, ನಾಳೆ ಗೊತ್ತಾಗಬೇಕಿಲ್ಲೋ? ಬರಿ ಸುಮ್ನ."

ಬರೆದೆ. ಹೊರಗೆ ಕೊಳವೆಬಾವಿ ಕೊರೆಯುವ ಗದ್ದಲವಿತ್ತು. ನಾನು ದಿನದಂತೆ ಕಿಟಕಿ ಹಾಕಿ, ಪರದೆ ಎಳೆದು, ಮೇಜಿನ ಮೇಲಿನ ದೀಪ ಹಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠಕ್ಕೆ ಕೂತೆ. ಪಟ್ಟೆಗಳು ಶುರುವಾದವು. ಕಾಕಾ ಪಕ್ಕದ ಕುರ್ಚಿಯಲ್ಲಿ ತೆರೆಯನ್ನೇ ನೋಡುತ್ತಿದ್ದರು. ಹತ್ತು ನಿಮಿಷ ಕಳೆದಿರಬೇಕು, "'ಸಾಕು ನಡಿ, ಟೀಚರ್ ಮಾರಿ ಕಾಣವಲ್ದು' ಅಂತ ಅವ್ವ ಹೇಳಾಕತ್ತಾಳ ಹುಡುಗಿಗೆ" ಎಂದರು. ಶೆಡ್ಡಿನ ಗದ್ದಲಕ್ಕೆಂದು ತಾಯಿ ಮೈಕ್ ಬಂದ್ ಮಾಡಿದ್ದಳು, ನನಗೇ ಒಂದಕ್ಷರ ಕೇಳಿಸಿರಲಿಲ್ಲ. ಮರುಗಳಿಗೆಯಲ್ಲಿ ತಾಯಿ ಮಗಳನ್ನು ಎತ್ತಿಕೊಂಡು ಕಾಲ್ ಮುಚ್ಚಿದಳು. ಕಾಕಾ ಅಂದಾಜಿನ ಮೇಲೆ ಹೇಳಿದ್ದಾರೆ ಎಂದುಕೊಂಡೆ ನಾನು. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ!

ಆಮೇಲೆ ಕಾಕಾರ ತಪಾಸಣೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆಯಬೇಕು. ಇನ್ನೊಂದು ಬ್ರೌಸರಿನಲ್ಲಿ ನೋಡಿದೆವು, ಅಲ್ಲೂ ಪಟ್ಟೆ. ಬ್ರೌಸರ್ ಮುಚ್ಚಿ ಲ್ಯಾಪ್‌ಟಾಪಿನದೇ ಕ್ಯಾಮೆರಾ ಆ್ಯಪ್ ತೆರೆದರೆ ಪಟ್ಟೆಯಿಲ್ಲ. ಮತ್ತೆ ಬ್ರೌಸರ್ ತೆರೆಸಿ, ಎದ್ದು ಹೋಗಿ ದೀಪ ಆರಿಸಿದರು. ಪಟ್ಟೆ ಹೋಯಿತು, ಜೊತೆಗೆ ಮುಖವೂ ಕತ್ತಲಾಯಿತು. ಹಚ್ಚಿದರು, ಬಂತು.

"ಈ ದೀಪ ಯಾವಾಗ ತಂದಿ?"

"ಹೋದ ತಿಂಗಳ ಕಡೀಕ್ಕರಿ. ತುಟಿ ಛಲೋ ಕಾಣಲಿ ಅಂತ."

"ಛಲೋ ಕಾಣಿಸ್ತು!" ಎಂದು ಕುರ್ಚಿ ಎಳೆದು ಕುಳಿತರು. "ನಮ್ಮ ಕರೆಂಟ್ ಸೆಕೆಂಡಿಗೆ ಐವತ್ತರ ಲೆಕ್ಕದಾಗ ಬಡೀತೈತಿ. ಅದಕ್ಕ ತಕ್ಕಂಗ ಈ ದೀಪಾನೂ ಮಿಣಕ್ತೈತಿ, ಕಣ್ಣಿಗೆ ಕಾಣಂಗಿಲ್ಲ. ನಿನ್ನ ಡಬ್ಬಿ ಪರದೇಶದ್ದು, ಅಲ್ಲಿ ಕರೆಂಟಿನಂಗ ಅರವತ್ತು ಅಂತ ಕುಂತಿರಬೇಕು. ಎಲ್ಲೆರ ಐವತ್ತು, ಅರವತ್ತು ಅಂತ ಬರದಿರ್ತೈತಿ, ಹುಡುಕು."

ಹುಡುಕಿದೆ. ಲ್ಯಾಪ್‌ಟಾಪಿನದೇ ಕ್ಯಾಮೆರಾ ಆ್ಯಪಿನಲ್ಲಿ ಐವತ್ತು ಇತ್ತು, ಬ್ರೌಸರಿಗೆ ಚಿತ್ರ ಕಳಿಸುವ ಸೆಟ್ಟಿಂಗಿನಲ್ಲಿ ಅರವತ್ತು. ಅದನ್ನೂ ಐವತ್ತು ಮಾಡಿದೆ. ತೆರೆಯ ಮೇಲೆ ನನ್ನ ಮುಖ ಅಲುಗದೆ ನಿಂತಿತು. ಮೂರು ವಾರ ಆ ಮಗುವಿನ ಪಾಠ ತಿಂದದ್ದು ಅವಳಿಗೆಂದೇ ನಾನು ತಂದಿಟ್ಟ ದೀಪ. ಕಾಕಾ ನನ್ನ ಕೈಯಲ್ಲೇ ಚೀಟಿಯ ಕೆಳಗೆ 'ಸರಿಯಾಗಿದೆ' ಎಂದು ಬರೆಸಿ ಸಹಿ ಹಾಕಿಸಿಕೊಂಡು, ಚಹಾ ಕೂಡ ಕುಡಿಯದೆ ಹೋದರು. ಹುಡುಗಿಯ ಸೀಟು ಉಳಿಯಿತು. ಸಿಹಿ ಹಿಡಿದುಕೊಂಡು ಮೇಲೆ ಹೋದರೆ, "ಆ ಅವ್ವಗ ಕೊಡು, ಉಣ್ಣೂದು ಬಿಟ್ಟು ಕುಂದರ್ತಾಳ" ಎಂದು ಬಾಗಿಲು ಹಾಕಿಕೊಂಡರು.

ಮುಂದಿನ ವರ್ಷ ಬಚ್ಚಲಲ್ಲಿ ಜಾರಿಬಿದ್ದರು. ಸೊಂಟದ ಎಲುಬು ಮುರಿದು, ಎಚ್ಚರ ತಪ್ಪಿ ಆಸ್ಪತ್ರೆ ಸೇರಿದರು. ಗಾಜಿನ ಗೋಡೆಯ ಐಸಿಯು, ಒಳಗೆ ಹೋಗುವವರೆಲ್ಲ ಮಾಸ್ಕ್ ಹಾಕಬೇಕು. ಎಚ್ಚರವಾದ ಮೇಲೆ ಯಾರು ಏನು ಕೇಳಿದರೂ ಕಾಕಾ ಉತ್ತರಿಸಲಿಲ್ಲ, ನಳಿಕೆ ಕೀಳಲು ಹೋದರು. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದು ಎರಡೂ ಕೈ ಮಂಚಕ್ಕೆ ಕಟ್ಟಿದರು. ಅವರಿಗೆ ಕಿವಿ ತುಸು ಮಂದ ಎಂದು ಕಾಕು ಹೇಳಿದ್ದಕ್ಕೆ ಎಲ್ಲರೂ ಮಾಸ್ಕಿನೊಳಗಿಂದ ಇನ್ನೂ ಗಟ್ಟಿಯಾಗಿ ಕೂಗಿದರಂತೆ.

ನಾಲ್ಕನೆಯ ದಿನ ಕಾರಿಡಾರಿನಲ್ಲಿ ಕಾಕು ನನ್ನ ಕೈ ಹಿಡಿದು ಅತ್ತರು. "ಮಂದ ಅಲ್ಲವಾ, ಪೂರಾ ಹೋಗ್ಯಾವ. ಹದಿನೈದು ವರ್ಷಾತು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ರು."

ಆ ಹೆಂಗಸಿನ ಮೇಲೂ ಸಿಟ್ಟು ಉಕ್ಕಿತು. ಒಳಗೆ ಓಡಿದೆ. ಮಾಸ್ಕ್ ತೆಗೆಯಲು ನರ್ಸ್ ಬಿಡಲಿಲ್ಲ. ಜಗಳವಾಡಿ, ಕೊನೆಗೆ ಅವರ ಮಂಚವನ್ನು ಗಾಜಿನ ಗೋಡೆಯತ್ತ ತಿರುಗಿಸಲು ಒಪ್ಪಿಸಿದೆ. ನಾನು ಹೊರಗೆ ಬಂದು ಮಾಸ್ಕ್ ಕಿತ್ತು ಗಾಜಿಗೆ ಮುಖ ಒಡ್ಡಿದೆ.

"ಕಾಕಾ, ಇದು ಆಸ್ಪತ್ರಿ. ಜಾರಿ ಬಿದ್ದೀರಿ. ಎಲುಬು ಮುರದೈತಿ. ಕಾಕು ಇಲ್ಲೇ ಅದಾರ."

ಅವರ ಹುಬ್ಬು ಗಂಟಿಕ್ಕಿತು. ನೋಟ ನನ್ನ ತುಟಿಗೆ ಬಂದು ನಿಂತಿತು. ಎರಡು ಸಲ ತಲೆಯಾಡಿಸಿದರು. ಆಮೇಲೆ ಅವರು ಏನೋ ಹೇಳಿದರು, ಉದ್ದವಾಗಿಯೇ ಹೇಳಿದರು. ಗಾಜಿನ ಈಚೆ ನಿಂತ ನನಗೆ ಒಂದು ಪದವೂ ತಿಳಿಯಲಿಲ್ಲ. ನರ್ಸ್ ಕೈ ಬಿಚ್ಚಿದಳು. ಎರಡು ದಿನಕ್ಕೆ ಕಾಕಾ ತೀರಿಕೊಂಡರು.

ಮೂರು ದಿನ ಆ ಮನುಷ್ಯನಿಗೆ ತಾನು ಎಲ್ಲಿದ್ದೇನೆ, ಕೈ ಯಾಕೆ ಕಟ್ಟಿದ್ದಾರೆ ಎಂದು ಹೇಳಿದವರಿಲ್ಲ. ಆಸ್ಪತ್ರೆಯವರನ್ನು ನಾನು ಸಿಕ್ಕಲ್ಲೆಲ್ಲ ಬೈಯುತ್ತೇನೆ. ಆದರೆ ಎರಡನೆಯ ದಿನ ನಾನೂ ಹೋಗಿದ್ದೆ. ಮಾಸ್ಕ್ ಹಾಕಿಕೊಂಡು, ಅವರ ಕಿವಿಯ ಹತ್ತಿರ ಬಗ್ಗಿ, ಹೇಗಿದ್ದೀರಿ ಕಾಕಾ ಎಂದು ಗಟ್ಟಿಯಾಗಿ ಕೇಳಿ, ಉತ್ತರ ಬರಲಿಲ್ಲವೆಂದು ಮನೆಗೆ ಬಂದಿದ್ದೆ.