ಮೊಸಳೆ ನುಂಗಿದ ಕತ್ತಿ

ನನ್ನ ಕತ್ತಿ ಮೂರು ಗೇಣು ಉದ್ದವಿತ್ತು. ಮುರಿದ ಗಾಡಿಯ ಮರದ ಪಟ್ಟಿಯಿಂದ ಅದನ್ನು ಕೆತ್ತಿಕೊಟ್ಟವನು ನನ್ನ ಸೋದರಮಾವ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಾಳಿನ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುತ್ತಿದ್ದ ನಮ್ಮಪ್ಪ ಊರಿಗೆ ಬಂದಾಗೆಲ್ಲ ಸಿಗರೇಟು ಪೊಟ್ಟಣದೊಳಗಿನ ಬೆಳ್ಳಿಹಾಳೆ ತಂದುಕೊಡುತ್ತಿದ್ದ. ಅದನ್ನು ಗಂಜಿ ಹಚ್ಚಿ ಕತ್ತಿಯ ಮೈತುಂಬ ಅಂಟಿಸಿದ್ದೆ. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಗಂಜಿಯ ವಾಸನೆಗೆ ಇರುವೆ ಮುತ್ತುತ್ತಿದ್ದವು. ರಾಜಕುಮಾರರ ಕತ್ತಿಗೆ ಇರುವೆ ಮುತ್ತಿದ್ದನ್ನು ನಾನು ಯಾವ ಕತೆಯಲ್ಲೂ ಕೇಳಿಲ್ಲ. ಇರಲಿ, ಅವರ ಕತ್ತಿಗೆ ಗಂಜಿ ಹಚ್ಚಿರಲಿಲ್ಲ.

ಆಗ ನನಗೆ ಒಂಬತ್ತು. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಅಪ್ಪ ಅವ್ವ ಬಳ್ಳಾರಿಯ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದರಿಂದ ನನ್ನನ್ನು ಕುರುಗೋಡಿನಲ್ಲಿ, ಅವ್ವನ ತವರಿನಲ್ಲಿ ಬಿಟ್ಟಿದ್ದರು. ಆ ಮನೆಯಲ್ಲಿ ನಾವು ಮೂವರೇ: ಅಜ್ಜಿ, ಅವಳ ಕೊನೆಯ ಮಗನಾದ ಮಾವ, ಮತ್ತು ನಾನು. ಮಾವನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಎರಡು ಬಿಳಿ ಎತ್ತು ಕಟ್ಟಿ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಇವತ್ತು ಸಿರುಗುಪ್ಪ, ನಾಳೆ ಬಳ್ಳಾರಿ.

ಮಾಗಿಯಲ್ಲಿ ಹತ್ತಿ ಮನೆಗೆ ಬರುತ್ತಿತ್ತು. ದೀಪ ಹಚ್ಚಿದ ಮೇಲೆ ಅಜ್ಜಿ ಒಂದು ಬುಟ್ಟಿ ಹತ್ತಿ ಮುಂದಿಟ್ಟುಕೊಂಡು ಅದರೊಳಗಿನ ಒಣ ಎಲೆಯ ಚೂರು, ಕಾಯಿಯ ಸಿಪ್ಪೆ ಆರಿಸಲು ಕೂರುತ್ತಿದ್ದಳು. ಬುಟ್ಟಿ ಮುಗಿಯುವವರೆಗೆ ಕತೆ. ಬುಟ್ಟಿ ಬರಿದಾಯಿತೋ, ರಾಜಕುಮಾರ ಬಾವಿಯಲ್ಲಿ ನೇತಾಡುತ್ತಿದ್ದರೂ ಸರಿ, ಮರುದಿನದ ಬುಟ್ಟಿ ಬರುವ ತನಕ ನೇತಾಡುತ್ತಲೇ ಇರಬೇಕು. ಕತೆ ಉದ್ದವಾಗಲಿ ಎಂದು ಆರಿಸಿದ ಹತ್ತಿಯನ್ನೇ ಕದ್ದು ಮತ್ತೆ ಬುಟ್ಟಿಗೆ ತುರುಕಿ, ಸಿಕ್ಕಿಬಿದ್ದು, ತಲೆಗೆ ಮೊಟಕಿಸಿಕೊಂಡದ್ದೂ ಉಂಟು.

ಆ ವರ್ಷದ ಕತೆಯಲ್ಲಿ ರಾಜಕುಮಾರನಿಗಿಂತ ಅವನ ಕತ್ತಿಯೇ ಹೆಚ್ಚು ಜೋರು. ಅದನ್ನು ಅವನಿಗೆ ಕೊಟ್ಟವಳು ಮಜ್ಜಿಗೆ ಮಾರುವ ಮುದುಕಿ. ಅಪಾಯ ಹತ್ತಿರ ಬಂದರೆ ಕತ್ತಿ ಜೇನುಹುಳದ ಹಾಗೆ ಗುನುಗುತ್ತಿತ್ತು. ಒಮ್ಮೆ ಒರೆಯಿಂದ ಹೊರಗೆ ಬಂದರೆ ಏನಾದರೊಂದು ಕೆಲಸ ಮಾಡದೆ ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಶತ್ರು ಸಿಗದ ದಿನ ರಾಜಕುಮಾರ ಅದರಿಂದ ಬದನೆಕಾಯಿಯನ್ನಾದರೂ ಹೆಚ್ಚಬೇಕು. ರಾಕ್ಷಸ ಇದ್ದದ್ದು ನಮ್ಮೂರ ಗುಡ್ಡದ ಬಂಡೆಗಳ ಹಿಂದೆ, ಅವನಿಗೆ ದಿನಕ್ಕೊಂದು ಗಾಡಿ ಜೋಳದ ರೊಟ್ಟಿ ಬೇಕು. ಸಮುದ್ರ ನೋಡದ ಅಜ್ಜಿಗೆ ಏಳು ಸಮುದ್ರ ಅಂದರೆ ಮಳೆಗಾಲದ ಹಗರಿ ಹೊಳೆ, ಏಳು ಸಲ. ಆರನೆಯ ಹೊಳೆ ದಾಟುವಾಗ ಕತ್ತಿ ಕೈಜಾರಿ ನೀರಿಗೆ ಬಿತ್ತು. ಅದನ್ನು ಮೊಸಳೆ ನುಂಗಿತು. ಮೊಸಳೆಯ ಹೊಟ್ಟೆಯೊಳಗಿಂದ ಕತ್ತಿ ಗುನುಗುತ್ತಲೇ ಇತ್ತು. ಸರಿಯಾಗಿ ಅಲ್ಲಿಗೆ ಬುಟ್ಟಿ ಬರಿದಾಯಿತು!

"ಮುಂದ ಏನಾತು?" ಎಂದು ಬೆಳಿಗ್ಗೆ ಎದ್ದವಳೇ ಗಂಟುಬಿದ್ದೆ.

"ಹಗಲೊತ್ತು ಕತಿ ಹೇಳಿದ್ರ ಸ್ವಾದರಮಾವ ದಾರಿ ತಪ್ತಾನ. ಸುಮ್ಕ ಸಾಲಿಗಿ ಹೋಗು," ಅಂದಳು ಅಜ್ಜಿ.

ಇದು ನಮ್ಮ ಕಡೆ ಮಕ್ಕಳೆಲ್ಲ ಕೇಳಿ ಬೆಳೆದ ಮಾತು. ಕೆಲಸದ ಹೊತ್ತಿನಲ್ಲಿ ಮಕ್ಕಳ ಕಾಟ ತಪ್ಪಲಿ ಎಂದು ಯಾವುದೋ ಜಾಣ ಮುದುಕಿ ಹೂಡಿದ ಉಪಾಯವಿರಬೇಕು ಎಂದು ಈಗ ಅನಿಸುತ್ತದೆ. ಆಗ ಮಾತ್ರ ಅದು ಬೆಂಕಿ ಸುಡುತ್ತದೆ ಎಂಬಷ್ಟೇ ನಿಜ. ನನಗಿದ್ದವನು ಒಬ್ಬನೇ ಮಾವ. ಅವನೋ ದಿನವೆಲ್ಲ ದಾರಿಯ ಮೇಲೆಯೇ ಇರುವವನು.

ಮನೆಯಲ್ಲಿ ಆ ವಾರ ಬೇರೆಯೇ ಒಂದು ಕುದಿ ಇತ್ತು. ಬಳ್ಳಾರಿಯಲ್ಲಿ ಯುದ್ಧದ ಪಲ್ಟನ್ನಿಗೆ ಜನ ಸೇರಿಸಿಕೊಳ್ಳುತ್ತಿದ್ದರು. ನಮ್ಮ ಓಣಿಯಿಂದಲೇ ಇಬ್ಬರು ಹೋಗಿದ್ದರು. ಮಾವನಿಗೂ ಹುಚ್ಚು ಹತ್ತಿತ್ತು.

"ಖಾಕಿ ಹಾಕ್ಕೊಂಡು ಹಡಗ ಹತ್ತೀನಿ ನೋಡವ್ವಾ. ಈ ಎತ್ತಿನ ಬಾಲ ಎಷ್ಟು ದಿನ ತಿರುವಲಿ?" ಎಂದು ಅವನು ಕೇಳಿದ.

"ನನ್ನ ಮಣ್ಣು ಮಾಡಿ ಹೋಗು," ಅಂದಳು ಅಜ್ಜಿ.

ಎರಡು ದಿನ ತಾಯಿ ಮಗನಿಗೆ ಮಾತಿಲ್ಲ. ಮೂರನೆಯ ದಿನ ಮಾವ ಯಾರದೋ ಬೆಲ್ಲದ ಹೇರು ತುಂಬಿಕೊಂಡು ಸಿರುಗುಪ್ಪಕ್ಕೆ ಗಾಡಿ ಹೊಡೆದ. ಖಾಲಿ ಗಾಡಿಯಲ್ಲಿ ಮರುದಿನ ಮಧ್ಯಾಹ್ನದ ರೊಟ್ಟಿಗೆ ಬಂದುಬಿಡುತ್ತೇನೆ ಎಂದು ಅಜ್ಜಿಗೆ ಕೇಳಿಸುವಂತೆ ನನಗೆ ಹೇಳಿ ಹೋದ.

ಮರುದಿನ ನಾನು ಕತ್ತಿಯನ್ನು ಲಂಗದೊಳಗೆ ಸಿಕ್ಕಿಸಿಕೊಂಡು ಸಾಲಿಗೆ ಹೋದೆ. ಮಧ್ಯಾಹ್ನ ಬಿಟ್ಟಾಗ ಬಡಗಿಯ ಮಗಳು ಅದನ್ನು ನೋಡಿ, "ಇದೇನು ಕತ್ತಿ? ಗಾಡಿ ಪಟ್ಟಿ!" ಎಂದು ಕಿಸಕ್ಕನೆ ನಕ್ಕಳು. ಅವಳಪ್ಪ ಬಡಗಿಯಾದ್ದರಿಂದ ಮರದ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಸಾಲಿಯ ಹಿಂದಿನ ಬಂಡೆ ಹತ್ತಿ ನಿಂತೆ, ಕತ್ತಿ ಎತ್ತಿದೆ, "ಇದು ಯಾರ ಕತ್ತಿ ಗೊತ್ತೇನಲೇ?" ಎಂದು ಶುರು ಮಾಡಿಯೇಬಿಟ್ಟೆ.

ಮಜ್ಜಿಗೆಯ ಮುದುಕಿ ಬಂದಳು, ರಾಕ್ಷಸ ಬಂದ, ಆರು ಹೊಳೆ ತುಂಬಿ ಹರಿದವು. ಕೆಳಗೆ ಇಪ್ಪತ್ತು ಮಕ್ಕಳು ಬಾಯಿ ತೆರೆದು ಹೂಂಗುಟ್ಟುತ್ತಿದ್ದರು. ಅಜ್ಜಿಗೆ ಸಿಗುತ್ತಿದ್ದದ್ದು ನನ್ನೊಬ್ಬಳ 'ಹೂಂ', ನನಗೆ ಇಪ್ಪತ್ತು! ಆ ಹುರುಪಿನಲ್ಲಿ ಮೊಸಳೆ ಕತ್ತಿ ನುಂಗಿದ ಜಾಗಕ್ಕೆ ಬಂದೆ. ಮುಂದಿನದು ನನಗೂ ಗೊತ್ತಿರಲಿಲ್ಲ. ನಿಲ್ಲಿಸುವುದೆಂತು? ರಾಜಕುಮಾರನನ್ನು ಮೊಸಳೆಯ ಬಾಯಿಗೇ ಹಾರಿಸಿದೆ. ಕತ್ತಲೆಯಲ್ಲಿ ಅವನು ಗುನುಗು ಕೇಳುತ್ತ ಕೇಳುತ್ತ ತಡವರಿಸಿ ಕತ್ತಿ ಹಿಡಿದ, ಒಳಗಿಂದಲೇ ಸರ್ರನೆ ಸೀಳಿ ಹೊರಬಂದ. ನಾನೂ ಬಂಡೆಯಿಂದ ಹಾರಿದೆ. ಮಕ್ಕಳು ಹೋ ಎಂದು ಕೂಗಿದರು. ನನ್ನ ಜೀವಮಾನದಲ್ಲಿ ಅಷ್ಟು ಖುಷಿ ಮತ್ತೆ ಎಷ್ಟು ಸಲ ಬಂದಿದೆಯೋ, ಬೆರಳೆಣಿಕೆಗೆ ಸಿಕ್ಕೀತು.

ಬಡಗಿಯ ಮಗಳು ಮಾತ್ರ ಕೂಗಲಿಲ್ಲ. "ಲೇ, ಹಗಲೊತ್ತು ಕತಿ ಹೇಳಿದ್ಯಲ್ಲ! ನಿಮ್ಮ ಮಾವ ಎಲ್ಲಿ ಅದಾನ ಈಗ?" ಅಂದಳು.

ಮನೆಗೆ ಓಡಿದೆ. ಎತ್ತಿನ ಗೂಟ ಖಾಲಿ. ಅಜ್ಜಿ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿ ಬಾಗಿಲಲ್ಲಿ ನಿಂತಿದ್ದಳು.

"ಹೊತ್ತು ಇಳೀತು. ಯಾಕೋ ಇನ್ನ ಬರಲಿಲ್ಲ ನೋಡು," ಅಂದಳು. ಅವಳ ಹೆದರಿಕೆ ಪಲ್ಟನ್ನಿನದು. ನನ್ನದು ನನ್ನ ಬಾಯಿಯದು. ಇಬ್ಬರೂ ಹೇಳಿಕೊಳ್ಳಲಿಲ್ಲ. ದಾರಿ ತಪ್ಪಿಸಿದವಳು ನಾನು, ಹುಡುಕಿ ತರಬೇಕಾದವಳೂ ನಾನೇ ಎಂದುಕೊಂಡು ಕತ್ತಿ ಹಿಡಿದು ಸಿರುಗುಪ್ಪದ ದಾರಿಗೆ ಬಿದ್ದೆ.

ಹೆದರಿಕೆಯಾಗಿತ್ತೇ ಎಂದರೆ ಆಗಿತ್ತು. ಆದರೆ ನಿಜ ಹೇಳುತ್ತೇನೆ, ಅದರೊಳಗೇ ಕುಣಿಯುವಂಥ ಹಿಗ್ಗೂ ಇತ್ತು. ಇಷ್ಟು ದಿನ ಕತ್ತಿ ಹಿಡಿದು ಓಡಾಡಿದ್ದೆಲ್ಲ ಆಟ, ಇದು ನಿಜವಾದ ಹೊರಡುವಿಕೆ. ಊರ ಕೊನೆಯಲ್ಲಿ ಮೂರು ನಾಯಿ ಅಡ್ಡಬಂದವು. ಕತ್ತಿ ಬೀಸಿದೆ. ಬೆಳ್ಳಿಹಾಳೆಯ ಹೊಳಪಿಗೆ ಬೆದರಿದವೋ, ನನ್ನ ಕಿರುಚಾಟಕ್ಕೋ, ಬಾಲ ಮುದುರಿ ಓಡಿದವು. ಎಮ್ಮೆಯೊಂದು ಮಾತ್ರ ದಾರಿ ನಡುವೆ ನಿಂತು ಕತ್ತಿಯನ್ನು ಮೂಸಿ, ಗಂಜಿಯ ರುಚಿಗೆ ಒಂದು ಸಲ ನೆಕ್ಕಿತು. ಅದರ ನಾಲಿಗೆಗೆ ಅರ್ಧ ಬೆಳ್ಳಿ ಹೋಯಿತು. ಅಳು ಬಂತು, ಅಳಲು ಪುರಸೊತ್ತಿರಲಿಲ್ಲ.

ಜೋಳ ತೆನೆಗಟ್ಟಿತ್ತು. ಹೊಲದ ನಡುವೆ ಎತ್ತರಕ್ಕೆ ಕಟ್ಟಿದ ಮಂಚಿಕೆಯ ಮೇಲೆ ಒಬ್ಬ ಮುದುಕಿ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದಳು. ಕೆಳಗೆ ನನ್ನನ್ನು ಕಂಡು ತೆಲುಗಿನಲ್ಲಿ, "ಎಕ್ಕಡಿಕೇ ಪಾಪಾ, ಕತ್ತಿ ಪಟ್ಟುಕೊನಿ?" ಎಂದು ಕೇಳಿದಳು. ಕತ್ತಿ ಹಿಡಿದು ಹೊರಟಿದ್ದು ಎಲ್ಲಿಗೆ ಎಂದು. ನನ್ನದನ್ನು ಕತ್ತಿ ಎಂದು ಒಪ್ಪಿದ ದೊಡ್ಡವರಲ್ಲಿ ಅವಳೇ ಮೊದಲು.

"ನಮ್ಮ ಮಾವನ್ನ ಹುಡಕಾಕ. ಜೋಡಿ ಬಿಳಿ ಎತ್ತು, ಖಾಲಿ ಗಾಡಿ. ನೋಡೀರೇನು?"

ಮಂಚಿಕೆಯ ಮೇಲಿದ್ದವರಿಗೆ ಕಾಣದ್ದು ಉಂಟೇ! ಅವಳು ಕನ್ನಡಕ್ಕೆ ಹೊರಳಿ ಹೇಳಿದಳು: "ಆಗಲೇ ಹೋತಲ್ಲವ್ವ. ಊರಾಗ ಹೋಗಲಿಲ್ಲ, ಹೊರಗಿಂದ ಹಾದು ಬಾದನಹಟ್ಟಿ ಕಡಿ ಹೊಡಕೊಂಡು ಹೋದ."

ಬಾದನಹಟ್ಟಿ! ಅದು ಬಳ್ಳಾರಿಯ ಕಡೆ. ಹುಟ್ಟಿದಾಗಿನಿಂದ ತುಳಿದ ದಾರಿಯಲ್ಲಿ ಮಾವ ಮನೆಗೆ ತಿರುಗುವುದನ್ನೇ ಮರೆತಿದ್ದ. ನಾನು ಬಂಡೆಯ ಮೇಲೆ ನಿಂತು ಬೊಬ್ಬೆ ಹೊಡೆದ ಕತೆ ಅವನಿಗೆ ಅಷ್ಟು ಬಲವಾಗಿ ತಾಗಿತ್ತು. ದಾರಿ ಬಳಸಿದರೆ ತಡವಾಗುತ್ತದೆಂದು ಹೊಲಗಳಲ್ಲಿ ಅಡ್ಡ ಬಿದ್ದೆ. ಒಂದು ಕಡೆ ಜಾಲಿಮುಳ್ಳಿನ ಬೇಲಿ. ಕತ್ತಿಯಿಂದ ಮುಳ್ಳುಕಂಟಿ ಎತ್ತಿ ಎತ್ತಿ ಸರಿಸಿ ನುಸುಳಿದೆ. ಕತ್ತಿಯ ತುದಿ ಮುರಿಯಿತು, ಲಂಗ ಹರಿಯಿತು, ಕಾಲಿಗೆ ಮುಳ್ಳು ನೆಟ್ಟಿತು. ಕರಿಮಣ್ಣಿನ ಹೆಂಟೆಗಳ ಮೇಲೆ ಕುಂಟಿಕೊಂಡೇ ಓಡಿದೆ.

ಬಾದನಹಟ್ಟಿಗೆ ಇನ್ನೂ ಅಷ್ಟು ದೂರವಿರುವಾಗ ದಾರಿ ಪಕ್ಕದ ಬೇವಿನ ಮರದ ಕೆಳಗೆ ಬಿಳಿ ಎತ್ತು ಕಂಡವು. ನೊಗದಿಂದ ಬಿಡಿಸಿದ್ದ. ಗಾಡಿಯ ಮೂತಿ ಬಳ್ಳಾರಿಯ ಕಡೆಗಿತ್ತು. ಮಾವ ಚಕ್ರಕ್ಕೆ ಒರಗಿ ಮೊಣಕಾಲು ಅಪ್ಪಿ ಕುಳಿತಿದ್ದ.

"ಮಾವಾ! ಇದು ಮನಿ ದಾರಿ ಅಲ್ಲೋ!" ಎಂದು ಕತ್ತಿ ಎತ್ತಿಕೊಂಡೇ ಅವನ ಮೈಮೇಲೆ ಹೋಗಿ ಬಿದ್ದೆ. ಬಿಕ್ಕುತ್ತ ಎಲ್ಲವನ್ನೂ ಹೇಳಿದೆ: ಬಡಗಿಯ ಮಗಳು ನಕ್ಕದ್ದು, ಹಗಲಲ್ಲಿ ಕತೆ ಹೇಳಿದ್ದು, ಅದರಿಂದ ಅವನಿಗೆ ದಾರಿ ತಪ್ಪಿದ್ದು. ತಪ್ಪಾಯಿತು, ಇನ್ನು ಮೇಲೆ ಕತೆಯನ್ನೇ ಕೇಳುವುದಿಲ್ಲ, ಮನೆಗೆ ಬಾ ಎಂದೆ.

ಮಾವ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕಿತ್ತ. "ಎಲ್ಲಿತನಕ ಹೇಳಿದಿ?" ಎಂದು ಕೇಳಿದ.

"ಮೊಸಳಿ ಹೊಟ್ಟಿ ಸೀಳೋತನಕ."

"ಅವ್ವ ಇನ್ನ ಅಷ್ಟು ದೂರ ಹೇಳಿಲ್ಲಲ್ಲ?"

"ನಾನ ಸೀಳಿದೆ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಎದ್ದು ಎತ್ತು ಹೂಡಿ, ನನ್ನನ್ನು ಗಾಡಿಗೆ ಎತ್ತಿಹಾಕಿ, "ನಡಿ, ನಿನ್ನ ಮನಿಗೆ ಬಿಟ್ಟು ಬರ್ತೀನಿ," ಎಂದ. ಗಾಡಿಯಲ್ಲಿ ಒಂದು ಗಂಟಿತ್ತು. ಅವನ ಎರಡು ಧೋತರ, ಕಂಬಳಿ, ಹಿತ್ತಾಳೆಯ ತಂಬಿಗೆ. ಒಂದು ದಿನದ ಸಿರುಗುಪ್ಪಕ್ಕೆ ಇಷ್ಟೆಲ್ಲ ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಮೆತ್ತಗಿತ್ತೆಂದು ಅದರ ಮೇಲೆಯೇ ಕುಳಿತು ಊರ ತನಕ ಬಂದೆ. ಗೆದ್ದ ಹಿಗ್ಗಿನಲ್ಲಿ ಎದುರಾದವರಿಗೆಲ್ಲ, "ಸಿಕ್ಕ! ಮಾವ ಸಿಕ್ಕ!" ಎಂದು ಕೂಗುತ್ತಿದ್ದೆ.

ಅಜ್ಜಿ ಬಾಗಿಲಲ್ಲೇ ಇದ್ದಳು. ಮಗನನ್ನು ನೋಡಿದಳು, ಗಂಟನ್ನು ನೋಡಿದಳು. ಗಂಟನ್ನು ತಾನೇ ಎತ್ತಿ ಒಳಗೊಯ್ದು ಧೋತರಗಳನ್ನು ಬಟ್ಟೆ ಹಾಕುವ ಗಳುವಿನ ಮೇಲೆ ಹಾಕಿದಳು.

"ಕೈಕಾಲು ತೊಳಕೊಂಡು ಬಾ. ರೊಟ್ಟಿ ಆರಿ ಹೋಗ್ಯಾವು," ಅಂದಳು.

ಮಾವ ಅಂಗಳದಲ್ಲಿ ನೊಗ ಹಿಡಿದು ನಿಂತೇ ಇದ್ದ. ನಾನು ಅವನ ಬೆರಳು ಹಿಡಿದೆಳೆದೆ. ಕೊನೆಗೆ ಎತ್ತು ಬಿಚ್ಚಿ ಗೂಟಕ್ಕೆ ಕಟ್ಟಿದ. ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

ಓಣಿಯಿಂದ ಹೋದ ಇಬ್ಬರಲ್ಲಿ ಒಬ್ಬ ಕೈಗಡಿಯಾರ ಕಟ್ಟಿಕೊಂಡು ಬಂದು ಎರಡೆಕರೆ ಹೊಲ ತೆಗೆದುಕೊಂಡ. ಇನ್ನೊಬ್ಬ ಬರಲೇ ಇಲ್ಲ. ಬಾರದವನ ತಾಯಿಯನ್ನು ಕಂಡಾಗೆಲ್ಲ ನಾನು ಒಳಗೊಳಗೇ ಬೀಗುತ್ತಿದ್ದೆ. ನಮ್ಮ ಮಾವನನ್ನು ಉಳಿಸಿದವಳು ನಾನು!

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಗಂಡನ ಮನೆಗೆ ಕರೆದೊಯ್ದವನು ಮಾವನೇ, ತನ್ನ ಗಾಡಿಯಲ್ಲಿ. ಅವನಿಗೂ ಅಷ್ಟರಲ್ಲಿ ಹೆಂಡತಿ, ಎರಡು ಮಕ್ಕಳು. ಗದ್ದೆಯ ಹಸಿರು ಕಾಣತೊಡಗಿದಾಗ, ಯಾಕೋ ಧೈರ್ಯ ಬಂದು ಕೇಳಿದೆ:

"ಮಾವಾ, ಅವತ್ತು ನಾ ಬರದಿದ್ರ ಪಲ್ಟನ್ನಿಗಿ ಹೋಗಿಬಿಡ್ತಿದ್ದೇನು?"

"ಹೋಗ್ತಿದ್ದೆ. ಎತ್ತು ಗಾಡಿ ನಿಮ್ಮಪ್ಪನ ಹತ್ರ ಬ್ರೂಸ್‌ಪೇಟಿಯಾಗ ಬಿಟ್ಟು ಹೋಗಾಕ ಹೊಂಟಿದ್ದೆ."

"ಹೋಗಲಿಲ್ಲಂತ ಬ್ಯಾಸರ ಐತೇನು?"

ತಮಾಷೆ ಮಾಡಿ ಹಾರಿಸುತ್ತಾನೆ ಎಂದುಕೊಂಡಿದ್ದೆ. ಅವನು ಎತ್ತುಗಳ ಬೆನ್ನ ಮೇಲಿಂದ ದೂರಕ್ಕೆ ನೋಡುತ್ತ, "ಐತಿ," ಅಂದ. "ಒಂದ ಸಲ ಹಡಗ ನೋಡಬೇಕಾಗಿತ್ತು."

ಇಷ್ಟು ವರ್ಷ ಉಳಿಸಿದೆ ಉಳಿಸಿದೆ ಎಂದು ಮೆರೆದಿದ್ದೆ, ತಡೆದವಳೂ ನಾನೇ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಳ್ಳುವುದನ್ನು ಅವನು ನೋಡಿಬಿಟ್ಟ.

"ಲೇ, ಅಳಬ್ಯಾಡ," ಅಂದ. "ಅತ್ತಕೊಂತ ಇಳದ್ರ ನಿಮ್ಮತ್ತಿ ನಾನ ಹೊಡದೀನಿ ಅಂತಾಳ."

ಗಾಡಿ ನಿಂತಿತು. ಬಾಗಿಲಲ್ಲಿ ಆರತಿ ಹಿಡಿದು ಹೊಸ ಮಂದಿ ಕಾಯುತ್ತಿದ್ದರು. ಮಾವ ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡು ನನಗಿಂತ ಮುಂದೆ ನಡೆದ.