ಪಕ್ಕದ ಹಾಸಿಗೆಯ ಶಾಂತಾಮಣಿ

ಶಾಂತಾಮಣಿ ಅಕ್ಕನ ತೇಗನ್ನು ನಾನು ಮೊದಲು ಕೇಳಿದೆ, ಮುಖ ನೋಡಿದ್ದು ಆಮೇಲೆ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ನಮ್ಮಿಬ್ಬರ ಹಾಸಿಗೆಗಳ ನಡುವೆ ಒಂದು ಹಸಿರು ಪರದೆ ಇತ್ತು. ಆಪರೇಷನ್ ಆದ ಮೇಲೆ ಮೊದಲ ಸಲ ಔಷಧದ ಬಾಟಲಿಯ ಮುಚ್ಚಳದಲ್ಲಿ ನೀರು ಕೊಟ್ಟಿದ್ದರು. ಅಷ್ಟೇ ನೀರು ನನ್ನ ಎದೆಯಲ್ಲಿ ಸಿಕ್ಕಿಕೊಂಡು ಮೇಲೂ ಬಾರದೆ ಕೆಳಗೂ ಹೋಗದೆ ಒದ್ದಾಡಿಸುತ್ತಿದ್ದಾಗ, ಪರದೆಯ ಆ ಕಡೆಯಿಂದ ಮದುವೆಯೂಟ ಮುಗಿಸಿದವರ ತೇಗಿನಂಥ ಒಂದು ತೇಗು ಕೇಳಿಸಿತು. ಅದರ ಹಿಂದೆಯೇ ತಮಿಳಿನಲ್ಲಿ ದಪ್ಪ ದನಿ: "ಅಪ್ಪಾಡಾ! ಜಮ್ಮುನ್ನು ಇರಂಗಿಡುಚ್ಚು ಸಿಸ್ಟರ್." ನೀರು ಸಲೀಸಾಗಿ ಇಳಿಯಿತಂತೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಆಗಲೇ. ಮುಖ ಕಾಣದವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ತವರು ಕೊಳ್ಳೇಗಾಲ. ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ ಕನ್ನಡವಾಡುವ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಗಂಡನ ಮನೆಯಲ್ಲಿ ಮಗ್ಗಗಳು, ಸೀರೆ ವ್ಯಾಪಾರ, ನನಗೆ ಕೂತಲ್ಲೇ ಕೂತು ಸೀರೆ ಮಡಿಸುವ ಕೆಲಸ. ಮೈ ಬೆಳೆಯಿತು, ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು. ಡಾಕ್ಟರು ಹೊಟ್ಟೆಯ ಚೀಲವನ್ನೇ ಕತ್ತರಿಸಿ ಸಣ್ಣದು ಮಾಡಿದರೆ ಎಲ್ಲವೂ ಹತೋಟಿಗೆ ಬರುತ್ತದೆ ಎಂದರು. ಶಾಂತಾಮಣಿಯದೂ ಇದೇ ಕಥೆ. ಒಂದೇ ಡಾಕ್ಟರು, ಒಂದೇ ಬೆಳಗ್ಗೆ, ಒಂದೇ ಆಪರೇಷನ್. ತೂಕದಲ್ಲೂ ನಾವಿಬ್ಬರೂ ಸರಿಸುಮಾರು ಸಮವೇ. ಹೀಗಿರುವಾಗ ಅವಳಿಗೆ ಇಳಿದದ್ದು ನನಗೇಕೆ ಇಳಿಯಲಿಲ್ಲ ಎಂಬ ಪ್ರಶ್ನೆಯನ್ನು ನಾನು ಡಾಕ್ಟರಿಗೂ ಕೇಳಿದೆ, ದೇವರಿಗೂ ಕೇಳಿದೆ. ಡಾಕ್ಟರು ಮೈಯಿಂದ ಮೈಗೆ ವ್ಯತ್ಯಾಸವಿರುತ್ತದೆ ಎಂದರು. ದೇವರು ಅಷ್ಟೂ ಹೇಳಲಿಲ್ಲ.

ನಾನು ನನ್ನ ಗಂಡನನ್ನು ಕನ್ನಡದಲ್ಲಿ ಬೈಯುತ್ತಿದ್ದುದು ಕೇಳಿ ಅವಳೇ ಪರದೆ ಸರಿಸಿದಳು. "ನೀವು ನಮ್ಮ ಮಾತೇನಾ? ಆನೈಮಲೈ ನಮ್ದು. ಗೌಡರ ಮನೆ. ತೆಂಗಿನ ತೋಟ" ಎಂದಳು. ಅವರ ಹಿರಿಯರು ಯಾವ ಕಾಲಕ್ಕೆ ಅಲ್ಲಿಗೆ ಬಂದರೋ ಅವಳಿಗೆ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಒಂದಕ್ಷರ ಓದಲು ಬಾರದು. ಆದರೆ ನಾನು ಬಾಯಿ ಬಿಟ್ಟರೆ ಸಾಕು, "ಮೈಸೂರು ಕನ್ನಡ ಬಂತು ನೋಡು, ಪುಸ್ತಕ ಓದ್ದಂಗೆ ಮಾತಾಡ್ತದೆ ಕೂಸು" ಎಂದು ನಗುತ್ತಿದ್ದಳು. ಮೊದಮೊದಲು ನಾನು ಅವಳಿಗೆ ನೀವು ಎನ್ನುತ್ತಿದ್ದೆ. ಪರದೆ ಸರಿದ ಮೇಲೆ ಅದೂ ಸರಿಯಿತು.

ಅವಳಿಗೆ ಒಂದು ಗುಣವಿತ್ತು: ತಿನ್ನುವುದಕ್ಕಿಂತ ತಿಂದದ್ದನ್ನು ಹೇಳುವುದರಲ್ಲಿ ಅವಳಿಗೆ ರುಚಿ ಹೆಚ್ಚು. ಇಬ್ಬರೂ ಡಿಸ್ಚಾರ್ಜ್ ಆಗಿ ಅವರವರ ಊರು ಸೇರಿದ ಮೇಲೆ ದಿನಾ ಬೆಳಗ್ಗೆ, ತೋಟದ ಆಳುಗಳಿಗೆ ಟೀ ಕೊಟ್ಟು ಮುಗಿಸಿದವಳೇ ನನಗೆ ಫೋನ್ ಮಾಡುತ್ತಿದ್ದಳು. ಹಲೋ ಇಲ್ಲ, ಕ್ಷೇಮವಿಲ್ಲ. "ಏನ್ ಅಮ್ಮಣಿ, ಒಳಕ್ಕೆ ಹೋಯ್ತಾ?" ಎಂದೇ ಶುರು, ಹೆಣ್ಣುಮಕ್ಕಳೆಲ್ಲ ಅವಳಿಗೆ ಅಮ್ಮಣಿಯರೇ. ಇಲ್ಲ ಅಕ್ಕ, ಬೇಳೆಕಟ್ಟು ವಾಪಸ್ ಬಂತು ಎನ್ನುವೆ. "ಅಯ್ಯೋ ಪಾವಂ" ಎಂದು ಒಂದು ನಿಟ್ಟುಸಿರು. ಅದು ಮುಗಿಯುತ್ತಿದ್ದಂತೆ ತನ್ನ ವರದಿ: ನೆನ್ನೆ ಎಳನೀರು, ಇವತ್ತು ರಾಗಿ ಗಂಜಿ, ನಾಳೆಯಿಂದ ಮೆತ್ತಗೆ ಹಿಸುಕಿದ ಅನ್ನ. ಗಂಜಿ ಎಷ್ಟು ಬಿಸಿಯಿತ್ತು, ಉಪ್ಪು ಎಷ್ಟು ಬಿತ್ತು, ಗಂಟಲಲ್ಲಿ ಹೇಗೆ ಜಾರಿತು, ಒಂದೂ ಬಿಡುತ್ತಿರಲಿಲ್ಲ. ನಾನು ಫೋನನ್ನು ಕಿವಿಗೊತ್ತಿ, ಇನ್ನೊಂದು ಕೈಯಲ್ಲಿ ಬೇಸಿನ್ ಹಿಡಿದು ಕೇಳಬೇಕು.

ಫೋನ್ ಎತ್ತದಿದ್ದರಾಯಿತಲ್ಲ ಎಂದು ನಮ್ಮವರು ಹೇಳಿದರು. ಎತ್ತದೇ ಇರಲು ಆಗುತ್ತಿರಲಿಲ್ಲ. ಇವತ್ತಾದರೂ ಅವಳಿಗೆ ಏನಾದರೂ ಆಗಿರಬಹುದು, ಒಂದು ಸಲವಾದರೂ ವಾಂತಿಯಾಗಿರಬಹುದು ಎಂಬ ಆಸೆ. ದೊಡ್ಡ ಕಾಯಿಲೆ ಬರಲಿ ಎಂದು ನಾನು ಬಯಸಿದವಳಲ್ಲ. ಒಂದು ಸಣ್ಣ ವಾಂತಿ ಸಾಕಿತ್ತು. ಎಲ್ಲರ ಮನೆ ದೋಸೆಯೂ ತೂತು ಎನ್ನುತ್ತಾರೆ, ಇವಳ ಮನೆ ದೋಸೆಯೊಂದು ಮಾತ್ರ ತೂತಿಲ್ಲದ್ದು ಎಂದರೆ ಯಾರಿಗೆ ಸಹಿಸಲಾಗುತ್ತದೆ?

ತಪಾಸಣೆಗೆ ಹೋದಾಗಲೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಸಿಗುತ್ತಿದ್ದೆವು. ತೂಕ ಇಬ್ಬರದೂ ಇಳಿದಿತ್ತು. ಆದರೆ ಅವಳದು ಇಳಿದ ಮೈ, ನನ್ನದು ಬತ್ತಿದ ಮೈ. ಅವಳು ರವಿಕೆಗಳನ್ನೆಲ್ಲ ಬಿಚ್ಚಿಸಿ ಹೊಸದಾಗಿ ಹೊಲಿಸಿ, ಮೊಣಕೈ ತನಕ ಬಳೆ ಜಾರಿಸಿ ತೋರಿಸುವಳು. ನನ್ನ ಕೂದಲು ಬಾಚಣಿಗೆಯಲ್ಲಿ ಉಂಡೆಯಾಗಿ ಬರುತ್ತಿತ್ತು, ಪಾದಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಅವಳಿಗೂ ಕೂದಲು ಉದುರುತ್ತಿದೆಯೇ ಎಂದು ಕೇಳಿದೆ. "ಆಮಾ, ಉದುರ್ತದೆ, ತಿರುಗಿ ಬರ್ತದೆ ಅಂದ್ರಲ್ಲ ಡಾಕ್ಟರು" ಎಂದಳು. ಅವಳ ಜೊತೆ ಯಾರೂ ಬಂದಿರುತ್ತಿರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ಬಂದು ಒಬ್ಬಳೇ ಹೋಗುತ್ತಿದ್ದಳು. ಅದನ್ನೂ ನಾನು ಅವಳ ಗಟ್ಟಿತನದ ಲೆಕ್ಕಕ್ಕೇ ಹಾಕಿ ಉರಿದುಕೊಂಡೆ. ನನ್ನನ್ನು ಅತ್ತೆ ಒಂದು ಕಡೆ, ಗಂಡ ಒಂದು ಕಡೆ ಹಿಡಿದು ನಡೆಸಬೇಕಿತ್ತು.

ಒಂದು ಬೆಳಗ್ಗೆ ಆ ಫೋನ್ ಬಂತು. "ಅಮ್ಮಣಿ, ಅರ್ಧ ಇಡ್ಲಿ ತಿಂದೆ! ಮೋರು, ಅದೇ ನಿಮ್ಮ ಮಜ್ಜಿಗೆ, ಹಾಕಿ ಪಿಸುಕ್ಕೊಂಡು ತಿಂದೆ. ಇಡ್ಲಿ ರುಚಿ ಏನೂಂತ ಈ ಜನ್ಮದಲ್ಲಿ ಇವತ್ತೇ ಗೊತ್ತಾಗಿದ್ದು." ನನಗೆ ಇನ್ನೂ ಸೋಸಿದ ಗಂಜಿಯನ್ನು ಬಿಟ್ಟು ಬೇರೇನೂ ಕೂಡದು ಎಂದಿದ್ದರು. ಫೋನ್ ಇಟ್ಟವಳೇ ಅಡುಗೆಮನೆಗೆ ಹೋದೆ. ಅತ್ತೆ ಹಿತ್ತಲಲ್ಲಿದ್ದರು. ಇಡ್ಲಿ ತಟ್ಟೆಯ ಮುಚ್ಚಳ ತೆಗೆದು, ನಿಂತುಕೊಂಡೇ ಅರ್ಧ ಇಡ್ಲಿ ತಿಂದೆ. ಹಸಿವಿನಿಂದಲ್ಲ, ಅವಳು ಅರ್ಧ ತಿಂದಳು ಎಂಬುದಕ್ಕೆ. ಸ್ವಲ್ಪ ಹೊತ್ತಿಗೆ ಎದೆಯೊಳಗೆ ಯಾರೋ ಕಲ್ಲು ತಳ್ಳಿದಂತಾಯಿತು. ಉಗುಳು ನುಂಗಿದರೂ ವಾಪಸ್ಸು. ಕಾರಿನಲ್ಲಿ ಕೊಯಮತ್ತೂರಿಗೆ ಹೊತ್ತುಕೊಂಡು ಓಡಿದರು. ಗಂಟಲಿಗೆ ಕೊಳವೆ ಇಳಿಸಿ ನೋಡಿದಾಗ ಗೊತ್ತಾಯಿತು: ಹೊಲಿದ ಹೊಟ್ಟೆ ನಡುವೆ ಒಂದು ಕಡೆ ಕಿರಿದಾಗಿಬಿಟ್ಟಿದೆ. ಬಲೂನ್ ಹಾಕಿ ಹಿಗ್ಗಿಸಿದರು. ಒಂದೇ ಸಲಕ್ಕೆ ಆಗುವುದಿಲ್ಲ, ಮತ್ತೆ ಹಿಗ್ಗಿಸಬೇಕು, ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಆಪರೇಷನ್ ಎಂದರು. 

ಅತ್ತೆಗೆ ಕಾರಣ ಬೇರೆಯೇ ಹೊಳೆದಿತ್ತು. "ನಾನು ನೋಡ್ತಾನೇ ಇದೀನಿ. ಆ ತೆಂಗಿನ ತೋಟದೋಳು ಫೋನ್ ಮಾಡಿದ ದಿವ್ಸ ನೀನು ಕಕ್ತೀಯೆ. ಅವಳದು ಕೊಳ್ಳಿಕಣ್ಣು. ಮಾಸಾಣಿಯಮ್ಮನ ಹತ್ರ ಮೆಣಸಿನಕಾಯಿ ಅರೆದು ಹಚ್ಚಿದ್ರೆ ತಾಯಿ ಕೇಳ್ತಾಳೆ" ಎಂದರು. ನಮ್ಮ ಕಡೆಯವರೆಲ್ಲ ಬಲ್ಲ ಸಂಗತಿ ಅದು. ಆನೈಮಲೈಯ ಮಾಸಾಣಿಯಮ್ಮನ ಗುಡಿಯಲ್ಲಿ ನೀತಿಕಲ್ಲು ಇದೆ. ಅನ್ಯಾಯವಾದವರು ಅಲ್ಲೇ ಒರಳಿನಲ್ಲಿ ಕೆಂಪು ಮೆಣಸಿನಕಾಯಿ ಅರೆದು, ಅನ್ಯಾಯ ಮಾಡಿದವರನ್ನು ನೆನೆದು ಆ ಕಲ್ಲಿಗೆ ಹಚ್ಚುತ್ತಾರೆ. ತಾಯಿ ಆ ಉರಿಗೆ ಎದ್ದು ನ್ಯಾಯ ಕೊಡಿಸುತ್ತಾಳೆ. ನಾನು ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ನನಗೂ ಯಾರ ಮೇಲಾದರೂ ಏನಾದರೂ ಅರೆಯಬೇಕಿತ್ತು.

ಆದರೆ ಆನೈಮಲೈಗೆ ಹೋಗಿ ಶಾಂತಾಮಣಿಗೆ ತಿಳಿಯದಂತೆ ಬರುವುದು ಹೇಗೆ? ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಕಾರನ್ನು ಅವಳೇ ಕಂಡಳಂತೆ, ಗುಡಿ ಬಾಗಿಲಿಗೇ ಬಂದು ನಿಂತಿದ್ದಳು. ನನ್ನನ್ನು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಯಾಕ್ ಕೂಸು, ಇಂಗಾಗಿದೀಯ?" ಅತ್ತೆಯ ಮುಖದ ಬಣ್ಣ ಹೋಯಿತು. ಒರಳಿನ ಮುಂದೆ ಕೂತರೂ ಅತ್ತೆಗೆ ಕೈನೋವು, ನಾಲ್ಕು ಸುತ್ತಿಗೆ ಸುಸ್ತು. ನನಗಂತೂ ನಿಲ್ಲಲೂ ತ್ರಾಣವಿಲ್ಲ. ಶಾಂತಾಮಣಿ ಸೆರಗು ಬಿಗಿದು, ಬಳೆಗಳನ್ನು ಮೇಲೇರಿಸಿ, "ನೀವು ಜರುಗೀಂಗ ಅತ್ತೆ, ನಾನ್ ಅರೀತೀನಿ. ಯಾರ್ ಮೇಲೆ?" ಎಂದಳು.

ಅತ್ತೆ ಪಕ್ಕಕ್ಕೆ ಸರಿದು, "ಹೆಸ್ರು ಗೊತ್ತಿಲ್ಲಮ್ಮ. ಯಾರೋ ಕಣ್ಣು ಹಾಕಿದೋರು" ಎಂದರು.

ಅವಳು ಅರೆದ ರಭಸವನ್ನು ನೋಡಬೇಕಿತ್ತು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದೆ, ಬಾಯಿ ಮಾತ್ರ ನಿಂತಿಲ್ಲ. "ತಾಯೇ, ಈ ಕೂಸಿನ ಮೇಲೆ ಕಣ್ಣು ಹಾಕಿದೋರು ಯಾರಾದ್ರೂ ಆಗ್ಲಿ, ಅವರ್ಗೆ ಬುದ್ಧಿ ಕೊಡು. ಈ ಕೂಸಿನ ಹೊಟ್ಟೆ ದಾರಿ ಬಿಡ್ಸು." ಅರೆದು, ತನ್ನ ಕೈಯಿಂದಲೇ ಕಲ್ಲಿಗೆ ಮೆತ್ತಿದಳು. ಅತ್ತೆ ಕಂಬದ ಮರೆಗೆ ಹೋಗಿ ಕೆನ್ನೆ ಕೆನ್ನೆ ಬಡಿದುಕೊಂಡರು.

ನಲ್ಲಿಯಲ್ಲಿ ಕೈ ತೊಳೆಯುವಾಗ ನಾವಿಬ್ಬರೇ ಇದ್ದೆವು. ಉರಿಯುವ ಬೆರಳುಗಳನ್ನು ನೀರಿಗೆ ಹಿಡಿದು ಅವಳು ನನ್ನ ಕಡೆ ನೋಡದೆ ಹೇಳಿದಳು: "ನನ್ ಮೇಲೇಂತ ಗೊತ್ತು ಅಮ್ಮಣಿ. ನಿಮ್ಮತ್ತೆ ಮುಖದಲ್ಲೇ ಇತ್ತು."

"ಗೊತ್ತಿದ್ದೂ ಅರೆದೆಯಾ ಅಕ್ಕ?"

"ಕಣ್ಣು ಹಾಕಿದ್ದು ನಿಜ ತಾನೆ? ಆಸ್ಪತ್ರೇಲಿ ಪರದೆ ಸಂದೀಲಿ ನೋಡ್ತಿದ್ದೆ. ನೀನು ಓ ಅಂತ ಕಕ್ಕಿದ್ರೆ ಅತ್ತೆ ಬೆನ್ನು ನೀವೋರು, ನಿಮ್ಮೋರು ಬೇಸಿನ್ ಹಿಡಿಯೋರು. ನಂಗೆ ಎಲ್ಲಾ ಇಳೀತು, ಅದ್ಕೆ ಒಬ್ರೂ ಬರ್ಲಿಲ್ಲ. ಚೆನ್ನಾಗಿರೋಳ್ನ ಯಾರ್ ನೋಡ್ತಾರೆ? ಮನೆಗೆ ಬಂದ್ಮೇಲೆ ಒಂದಿನ ಬಾತ್‌ರೂಮಲ್ಲಿ ಸುಮ್ಮನೆ ಓ, ಓ ಅಂತ ಸೌಂಡ್ ಮಾಡ್ದೆ. ನಮ್ಮೋರು ಟೀವಿ ಸೌಂಡ್ ಜಾಸ್ತಿ ಮಾಡ್ಕೊಂಡ್ರು."

ಹೇಳಿ ಅವಳು ನಕ್ಕಳು. ನನಗೂ ನಗು ಬಂತು, ನಗುವಿನಲ್ಲೇ ಅಳುವೂ ಬಂತು. ನಾನು ಅವಳ ಗಂಜಿಗೆ ಉರಿದುಕೊಂಡಿದ್ದೆ, ಅವಳು ನನ್ನ ವಾಂತಿಗೆ! ಅಂದಿನಿಂದ ಅವಳು ನನ್ನವಳು ಎಂದುಕೊಂಡೆ. ಅವಳಿಗೆ ಏನಾದರೂ ಆದರೆ ಬೆನ್ನು ನೀವಲು ನಾನಿದ್ದೇನೆ ಎಂದು ಅಲ್ಲೇ ಹೇಳಿಯೂಬಿಟ್ಟೆ. "ನೀನಾ? ಮೊದ್ಲು ನೀನು ನೆಟ್ಟಗೆ ನಿಂತ್ಕೋ" ಎಂದಳು.

ಮತ್ತೆ ಬಲೂನ್ ಹಾಕಿಸಿಕೊಂಡೆ, ಕಾಲಿನ ಜುಮ್ಮಿಗೆ ವಿಟಮಿನ್ ಇಂಜೆಕ್ಷನ್ ಚುಚ್ಚಿಸಿಕೊಂಡೆ. ನಿಧಾನಕ್ಕೆ ದಾರಿ ಬಿಟ್ಟಿತು. ಇನ್ನೊಂದು ಆಪರೇಷನ್ ತಪ್ಪಿತು. ಅತ್ತೆ ತಾಯಿಯ ಮಹಿಮೆ ಎಂದರು, ನಮ್ಮವರು ಡಾಕ್ಟರದು ಎಂದರು, ನಾನು ಇಬ್ಬರಿಗೂ ಕೈಮುಗಿದೆ. ಫೋನ್ ದಿನಾ ಬರುತ್ತಿತ್ತು. ಈಗ ವರದಿ ಎರಡೂ ಕಡೆಯಿಂದ. ಅವಳು ಹೇಳಿದ ಗಂಜಿ ಈಗ ನನ್ನ ಗಂಟಲಿನಲ್ಲೂ ಜಾರುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಅವಳ ಫೋನಿನಿಂದ ಗಂಡಸಿನ ದನಿ ಬಂತು. ಅವಳ ಗಂಡ. ಶಾಂತಾಮಣಿಗೆ ಬಲಪಕ್ಕೆಯಲ್ಲಿ ತಡೆಯಲಾರದ ನೋವು ಬಂದು ಅದೇ ಆಸ್ಪತ್ರೆಗೆ ಸೇರಿಸಿದ್ದಾರೆ, ಪಿತ್ತಕೋಶದಲ್ಲಿ ಕಲ್ಲಂತೆ, ಬೇಗ ತೂಕ ಇಳಿದವರಿಗೆ ಹೀಗಾಗುವುದುಂಟಂತೆ, ತೆಗೆದುಬಿಟ್ಟಿದ್ದಾರೆ. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸಿಗೆ ಮೊದಲು ಬಂದದ್ದು 'ಸದ್ಯ, ಇವಳಿಗೂ ಒಂದು ಬಂತು' ಎಂದು. ಆಮೇಲೆ ಎದ್ದೆ. ತೆಳ್ಳಗೆ ತಿಳಿಸಾರು ಮಾಡಿ ಫ್ಲಾಸ್ಕಿಗೆ ಹಾಕಿ, ಸೀರೆ ಬದಲಾಯಿಸಿ, ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಒಬ್ಬಳೇ ಬಸ್ಸು ಹತ್ತಿದೆ. ಅವಳ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂರುವುದನ್ನು ದಾರಿಯುದ್ದಕ್ಕೂ ನೆನೆಯುತ್ತಾ ಹೋದೆ.

ಕುರ್ಚಿ ಖಾಲಿ ಇರಲಿಲ್ಲ. ಅವಳ ಓರಗಿತ್ತಿಯರು ಕಿಟಕಿಯ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಹಾಸಿಗೆಯ ಅಂಚಿನಲ್ಲಿ ಅವಳ ಗಂಡ, ಬಿಳಿ ಪಂಚೆಯ ದೊಡ್ಡ ಮೀಸೆಯ ಗೌಡರು, ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೆಂಡತಿಗೆ ಜಡೆ ಹಾಕುತ್ತಿದ್ದರು. ಉದುರಿ ಉಳಿದ ಇಲಿಬಾಲದಂಥ ಕೂದಲು, ತೆಂಗಿನಕಾಯಿ ಸುಲಿದು ಒರಟಾದ ಕೈ. ಒಂದು ಎಳೆ ಹಿಡಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಶಾಂತಾಮಣಿಯ ಮುಖ ಬಿಳಿಚಿತ್ತು, ಕಣ್ಣು ಮಾತ್ರ ಹಬ್ಬದ ಮನೆಯಂತಿತ್ತು.

"ಬಾ ಅಮ್ಮಣಿ! ಎಂಥಾ ನೋವು ಗೊತ್ತಾ, ಉಸ್ರೇ ನಿಂತೋಯ್ತು! ಇವ್ರು ನನ್ನ ಎತ್ಕೊಂಡೇ ಕಾರಿಗೆ ಹಾಕಿದ್ರು. ಇವ್ರೇ!" ಎಂದಳು. ಆಮೇಲೆ ಗಂಡನ ಕಡೆ ಗಲ್ಲ ತೋರಿಸಿ, "ಜಡೆ ಹಾಕೋಕೇ ಬರಲ್ಲ ನೋಡು."

"ಕೊಡಿ ಅಣ್ಣ, ನಾನು ಹಾಕ್ತೀನಿ" ಎಂದು ನಾನು ಫ್ಲಾಸ್ಕನ್ನು ಕೆಳಗಿಟ್ಟು ಕೈ ಚಾಚಿದೆ.

ಅವಳು ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು. "ವೇಂಡ ಅಮ್ಮಣಿ" ಎಂದಳು ಮೆಲ್ಲಗೆ. "ಅವ್ರೇ ಹಾಕ್ಲಿ."

ನಾನು ಫ್ಲಾಸ್ಕನ್ನು ಅಲ್ಲೇ ಬಿಟ್ಟು ಬಂದೆ. ತಿಳಿಸಾರನ್ನು ಓರಗಿತ್ತಿಯರು ಕುಡಿದಿರಬೇಕು. ಅವಳು ಬೇಗ ಗುಣವಾದಳೆಂದು ಆಸ್ಪತ್ರೆಯಲ್ಲಿ ಹೇಳಿದರು. ಈಗ ತಪಾಸಣೆಗೆ ಗಂಡನ ಜೊತೆ ಬೇರೆ ದಿನ ಬಂದು ಹೋಗುತ್ತಾಳಂತೆ. ಬೆಳಗಿನ ಫೋನು ಮೊದಲು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ನಿಂತೇಹೋಯಿತು. ನಮ್ಮವರು ನೀನೇ ಮಾಡಬಾರದೇನೆ ಎನ್ನುತ್ತಾರೆ. ಮಾಡಬಹುದು. ಮಾಡಿದರೆ ಅವಳು ಚೆನ್ನಾಗಿದೀನಿ ಅಮ್ಮಣಿ ಎನ್ನುತ್ತಾಳೆ, ಅದು ನಿಜವೂ ಆಗಿರುತ್ತದೆ. ನಾನಿಲ್ಲದೆಯೂ ಅವಳು ಚೆನ್ನಾಗಿದ್ದಾಳೆ ಎಂಬುದನ್ನು ಅವಳ ಬಾಯಿಂದಲೇ ಕೇಳುವಷ್ಟು ನಾನಿನ್ನೂ ಗುಣವಾಗಿಲ್ಲ.